ಹೊಸದು ಯಾವುದು

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಅವನೂ ತಟ್ಟುತ್ತಿದ್ದ. ತನ್ನ ಎರಡು ಕೈ ಒಂದಕ್ಕೊಂದು ಬಡಿದುಕೊಳ್ಳುವುದು ಅವನಿಗೆ ಕಾಣಿಸುತ್ತಿತ್ತು, ಸದ್ದು ಮಾತ್ರ ಬೇರೆ ಯಾರದೋ ಕೈಯಿಂದ ಬಂದಂತೆ ಕೇಳುತ್ತಿತ್ತು. ಬಿಸ್ಕತ್ತು ಕಾರ್ಖಾನೆಯ ಪ್ರಯೋಗಶಾಲೆಯ ಮೇಡಂ ಬಿಳಿ ಹಲಗೆಯ ಮೇಲೆ ಬರೆದ ಅಂಕಿಯ ಕೆಳಗೆ ಎರಡು ಗೆರೆ ಎಳೆದರು. ಮೂವತ್ತಕ್ಕೆ ಇಪ್ಪತ್ತೆಂಟು. ಮೂವತ್ತು ವಾರ, ವಾರಕ್ಕೊಂದು ಸಲ, ಬಿಸ್ಕತ್ತಿನ ಬಣ್ಣ ಗೊತ್ತಾಗದಿರಲಿ ಎಂದು ಹಾಕಿದ ಕೆಂಪು ದೀಪದ ಕೆಳಗೆ ಕೂತು, ಬರೀ ಮೂರಂಕಿಯ ಚೀಟಿ ಅಂಟಿಸಿದ, ಒಂದರಲ್ಲಿ ಹಳೇ ಕೊಬ್ಬಿನ, ಇನ್ನೊಂದರಲ್ಲಿ ಹೊಸ ಕೊಬ್ಬಿನ ಬಿಸ್ಕತ್ತಿದ್ದ ಎರಡು ತಟ್ಟೆಗಳಿಂದ ಒಂದೊಂದು ಬಿಸ್ಕತ್ತು ಕಚ್ಚಿ, ನಡುವೆ ಉಗುರುಬೆಚ್ಚಗಿನ ನೀರಲ್ಲಿ ಬಾಯಿ ಮುಕ್ಕಳಿಸಿ, ಕಾಗದದ ಕೆಳತುದಿಯಲ್ಲಿ ‘ಹೊಸದು ಯಾವುದು?’ ಎಂಬ ಪ್ರಶ್ನೆಯ ಮುಂದೆ ಅವನು ಒಂದು ಸಂಖ್ಯೆ ಬರೆಯುತ್ತಿದ್ದ. ಅನುಮಾನವಿಲ್ಲದೆ, ಪೆನ್ನು ಒತ್ತಿ ಬರೆಯುತ್ತಿದ್ದ. ಯಾವ ಸಂಖ್ಯೆ ಯಾವುದರದು ಎಂಬ ಪಟ್ಟಿ ಇದ್ದ ಮೂವತ್ತು ಲಕೋಟೆಗಳನ್ನು ಈವತ್ತು ಬೆಳಗ್ಗೆ ಹನ್ನೊಂದಕ್ಕೆ ಎಲ್ಲರ ಎದುರು ಒಡೆದರು. ಇಪ್ಪತ್ತೆಂಟು ವಾರ ಅವನು ಬರೆದದ್ದು ತಪ್ಪು.

“ನೋಡಿ, ಇಪ್ಪತ್ತು ವರ್ಷ ಪಳಗಿದ ನಾಲಿಗೆ ಇವರದು,” ಎಂದರು ಮೇಡಂ, ಕಣ್ಣಲ್ಲಿ ನೀರು ಬರುವಷ್ಟು ಖುಷಿಯಲ್ಲಿ. “ಇವರೇ ಹಳೇದನ್ನ ಹೊಸದು ಅಂದ್ರು, ಹೊಸದನ್ನ ಹಳೇದು ಅಂದ್ರು. ಇನ್ನು ಕೊಂಡು ತಿನ್ನೋ ಜನಕ್ಕೆ ಏನು ಗೊತ್ತಾಗುತ್ತೆ ಹೇಳಿ! ನಾವು ಗೆದ್ವಿ.” ಲಕೋಟೆಗಳನ್ನು ಕಾಯುವ ಕೆಲಸದವನನ್ನು ಎಲ್ಲರೂ ಲಕೋಟೆ ಎಂದೇ ಕರೆಯುತ್ತಿದ್ದರು, ಆತ ಹಿಂದಿನ ಸಾಲಿನಿಂದ ಕೂಗಿದ: “ಕಣ್ಣು ಮುಚ್ಚಿ ನಾಣ್ಯ ಹಾರಿಸಿದ್ರೂ ಅರ್ಧಕ್ಕರ್ಧ ಸರಿ ಬರ್ತಿತ್ತಲ್ರೀ ನಾಲಿಗೆ ಸಾಹೇಬ್ರೇ! ಇಷ್ಟು ಕರಾರುವಾಕ್ಕಾಗಿ ತಪ್ಪೋಕೆ ನಿಮ್ಮಿಂದ್ಲೇ ಸಾಧ್ಯ.” ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ನಗುತ್ತಲೇ, ಇಪ್ಪತ್ತೆಂಟು ವಾರಕ್ಕೆ ದಿನ ಎಷ್ಟು ಎಂದು ಮನಸ್ಸಿನಲ್ಲೇ ಗುಣಿಸಿದ. ನೂರ ತೊಂಬತ್ತಾರು. ದಿನಕ್ಕೆ ನಾಲ್ಕು, ಆಮೇಲೆ ಎಂಟು. ಅಲ್ಲಿಗೆ ಲೆಕ್ಕ ಬಿಟ್ಟ, ಯಾಕೆಂದರೆ ಆ ಬಿಸ್ಕತ್ತುಗಳೆಲ್ಲ ಹೋದದ್ದು ಅಕ್ಕನ ಹೊಟ್ಟೆಗೆ.

ತಟ್ಟೆಯಲ್ಲಿ ಉಳಿದದ್ದನ್ನೂ ಅದೇ ಸಂಖ್ಯೆಯ ಡಬ್ಬದಲ್ಲಿ ಉಳಿದದ್ದನ್ನೂ ಮನೆಗೆ ಒಯ್ಯಬಹುದಿತ್ತು. ಇಲ್ಲದಿದ್ದರೆ ಪುಡಿ ಮಾಡಿ ಹಂದಿಗಳ ಮೇವಿಗೆ ಕಳಿಸುತ್ತಿದ್ದರು. ಬೇರೆಯವರು ಕೈಗೆ ಸಿಕ್ಕಿದ್ದನ್ನು ಒಯ್ದರು. ಅವನು ಮಾತ್ರ, ಅಕ್ಕನಿಗೆ ಹೊಸದೇ ಇರಲಿ ಎಂದು, ಆರಿಸಿ ಒಯ್ದ. ಹಳೇ ಬಿಸ್ಕತ್ತಿಗೆ ಹಾಕುತ್ತಿದ್ದದ್ದು ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡಿದ ಕೊಬ್ಬು, ಅಂಗಡಿಗಳಲ್ಲಿ ವನಸ್ಪತಿ ಎಂದು ಮಾರುವ ಜಾತಿಯದು. ಬಿಸ್ಕತ್ತನ್ನು ಗರಿಗರಿ ಮಾಡುವುದೂ ಅದೇ, ರಕ್ತನಾಳಗಳ ಒಳಗೋಡೆಗೆ ಹೋಗಿ ಕೂರುವುದೂ ಅದೇ. ಹೊಸದು ಸೂರ್ಯಕಾಂತಿ ಎಣ್ಣೆ. ಅದಕ್ಕೆ ಗಿಡದಿಂದ ತೆಗೆದ ಮೇಣ ಒಂದಿಷ್ಟು ಬೆರೆಸಿ ಹೆಪ್ಪುಗಟ್ಟಿಸಿದ್ದು, ಅಷ್ಟೇ. ಹಳೇದು ನುಂಗಿದ ಮೇಲೂ ಅಂಗುಳಕ್ಕೆ ತೆಳ್ಳಗೆ ಅಂಟಿಕೊಂಡಿರುತ್ತದೆ, ಇಪ್ಪತ್ತು ವರ್ಷದಿಂದ ಅವನಿಗೆ ಗೊತ್ತು. ಅಂಟದೇ ಇರುವುದು ಹೊಸದು ಎಂದು ತೀರ್ಮಾನಿಸಿದ. ನಿಜಕ್ಕೂ ಅಂಟಿದ್ದು ಹೊಸದರ ಮೇಣ. ಅಂಟದೇ ಜಾರಿಹೋದದ್ದು, ಆ ನಡುವೆ ಕಾರ್ಖಾನೆಯವರು ಇನ್ನಷ್ಟು ಸೋಸಿ ತರಿಸಲು ಶುರುಮಾಡಿದ್ದ ಅದೇ ಹಳೇ ಕೊಬ್ಬು. ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲಿಲ್ಲವೇ? ಹೊಳೆಯಲಿಲ್ಲ. ಎರಡು ಡಬ್ಬ ಅಕ್ಕಪಕ್ಕ ಇಟ್ಟು ಒಂದು ಸಲ ಮೇಡಂ ಹತ್ತಿರ ಗುಟ್ಟಾಗಿ, ಯಾವುದಮ್ಮಾ ಇದರಲ್ಲಿ ಹೊಸದು, ಮನೆಯಲ್ಲಿ ರೋಗಿ ಇದ್ದಾರೆ ಅಂದಿದ್ದರೆ ಅವರೇನು ತಲೆ ತೆಗೆಯುತ್ತಿದ್ದರೇ? ಕೇಳಲಿಲ್ಲ. ನಾಲಿಗೆ ಎಂದು ಹೆಸರು ಪಡೆದವನು ಕೇಳುವುದುಂಟೇ. ಥೂ, ಈ ನಾಲಿಗೆಗಿಷ್ಟು ಮಣ್ಣು ಹಾಕ, ಎಂದುಕೊಂಡ. ಎದುರಿಗೆ ಯಾರೋ ಹಸ್ತಲಾಘವಕ್ಕೆ ಕೈ ಚಾಚಿದ್ದರು. ಕುಲುಕಿದ.

ಸಭೆ ಮುಗಿದ ಮೇಲೆ ಅವನು ಲಕೋಟೆಯ ಮೇಜಿನ ಹತ್ತಿರ ಹೋಗಿ ನಿಂತ. “ಪಟ್ಟಿ ಅದಲುಬದಲಾಗಿರೋ ಸಾಧ್ಯತೆ ಇದೆಯೇನ್ರೀ? ಒಂದೆರಡು ವಾರ ಅಲ್ಲ, ಎಲ್ಲಾನೂ?” ಲಕೋಟೆಯ ಮುಖದಲ್ಲಿದ್ದ ನಗು ಹಾಗೇ ಇಳಿಯಿತು. “ನಾಲ್ಕು ಜನ ಸಹಿ ಹಾಕಿದ್ದಾರೆ ಅದಕ್ಕೆ. ನಿಮ್ಮ ಮರ್ಯಾದೆ ಉಳಿಸೋಕೆ ನಾನು ಕೆಲಸ ಕಳ್ಕೋಬೇಕಾ?” ಎಂದ. ಆಮೇಲೆ, ಇವನ ಮುಖ ನೋಡಿ ಮೆತ್ತಗಾಗಿ, “ತಮಾಷೆಗೆ ಅಂದೆ ಮಾರಾಯ್ರೇ, ಅಷ್ಟು ಹಚ್ಚಿಕೋಬೇಡಿ. ನಿಮ್ಮಿಂದಾನೇ ತಾನೇ ಇದು ಪಾಸಾಗಿದ್ದು,” ಎಂದು ಎರಡು ಡಬ್ಬ ಮುಂದೆ ತಳ್ಳಿದ. ಈಗ ಡಬ್ಬಗಳ ಮೇಲೆ ದಪ್ಪಕ್ಷರದಲ್ಲಿ ಹಳೇದು, ಹೊಸದು ಎಂದು ಬರೆದಿತ್ತು. ಕಿಟಕಿಯಿಂದ ಬೆಳಕು ಬೀಳುತ್ತಿತ್ತು, ಕೆಂಪು ದೀಪವಿರಲಿಲ್ಲ, ಸಂಖ್ಯೆ ಇರಲಿಲ್ಲ. ಅವನು ಒಂದೊಂದು ತೆಗೆದು ಕಚ್ಚಿದ. ಬಾಯಿ ಮುಕ್ಕಳಿಸಿ ಮತ್ತೆ ಕಚ್ಚಿದ. ಹೆಸರು ಓದಿಕೊಂಡೇ ಕಚ್ಚಿದರೂ, ಹಳೇದು ಎಂದು ಬರೆದ ಡಬ್ಬದ್ದಕ್ಕೇ ನಾಲಿಗೆ ಮತ್ತದೇ ಮಾತನ್ನು ಹೇಳಿತು: ಇದು ಹಗುರ, ಇದು ಒಳ್ಳೆಯದು, ಇದನ್ನೇ ಅಕ್ಕನಿಗೆ ಒಯ್ಯಿ. ಅವನು ಓಡಿಹೋಗಿ ಕೈತೊಳೆಯುವ ಜಾಗದಲ್ಲಿ ಎಲ್ಲವನ್ನೂ ಉಗಿದ. ಇನ್ನು ಮೇಲೆ ಉಪ್ಪು ಯಾವುದು ಸಕ್ಕರೆ ಯಾವುದು ಎಂದು ತನ್ನ ಬಾಯಿ ಹೇಳಿದರೂ ನಂಬುವ ಹಾಗಿಲ್ಲ ಎನ್ನಿಸಿತು.

ನಾಲ್ಕು ಗಂಟೆಗೆ ಅಕ್ಕನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಅರ್ಧ ದಿನ ರಜೆ ಮೊದಲೇ ಬರೆದುಕೊಟ್ಟಿದ್ದ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಹೇಳಬೇಕಾದ ವಾಕ್ಯವನ್ನು ಜೋಡಿಸಲು ನೋಡಿದ. ಅಕ್ಕಾ, ಒಂದು ತಪ್ಪಾಗಿದೆ. ತಪ್ಪಾಗಿದೆ ಎಂದರೆ ತಾನಾಗೇ ಆಗಿಹೋಯಿತೇನೋ ಎನ್ನುವ ಹಾಗೆ ಕೇಳುತ್ತದೆ. ಅಕ್ಕಾ, ನಾನು ಒಂದು ತಪ್ಪು ಮಾಡಿದ್ದೀನಿ. ಆಮೇಲೆ? ಹೋದ ವರ್ಷ ಅವಳಿಗೆ ಎದೆನೋವಾದಾಗ ಡಾಕ್ಟರು ಹೇಳಿದ ಮಾತು ಒಂದಕ್ಷರ ಬಿಡದೆ ಅವನ ತಲೆಯಲ್ಲಿತ್ತು. “ಇವರ ಮೈ ಆಪರೇಷನ್ ತಡೆಯುತ್ತೆ ಅಂತ ನನಗೆ ಧೈರ್ಯ ಇಲ್ಲ. ಶ್ವಾಸಕೋಶ ಸರಿಯಿಲ್ಲ. ಮೊದಲು ಊಟದಲ್ಲಿ ನೋಡೋಣ, ಗುಳಿಗೆಯಲ್ಲಿ ನೋಡೋಣ. ಗಟ್ಟಿ ಕೊಬ್ಬು ಒಂದು ಚೂರೂ ಹೊಟ್ಟೆಗೆ ಹೋಗಬಾರದು. ರಕ್ತದಲ್ಲಿ ಕೊಬ್ಬು ಇಳೀತು ಅಂದ್ರೆ ಕತ್ತಿ ಬೇಕಾಗಲ್ಲ.” ರಕ್ತದಲ್ಲಿ ಕೊಬ್ಬು ಇಳಿಯಲಿಲ್ಲ. ಮೂರು ತಿಂಗಳಿಗೆ ತೋರಿಸಿದಾಗಲೂ ಇಳಿದಿರಲಿಲ್ಲ, ಡಾಕ್ಟರು ಹುಬ್ಬು ಗಂಟಿಕ್ಕಿ, ಮನೆಯಲ್ಲಿ ಏನೋ ಕದ್ದು ತಿಂತಿದ್ದಾರೆ, ಗಮನ ಇಡಿ ಎಂದರು. ಗಮನ! ಅವನು ಗಮನ ಇಟ್ಟ. ಭಾನುವಾರ ಮಧ್ಯಾಹ್ನ ಅವಳು ಮಂಚದ ಮೇಲೆ ಕೂತು ನೋಡುತ್ತಿರುವಾಗಲೇ ಅವಳ ಬೀರು ತೆಗೆದು, ಮಡಿಸಿಟ್ಟ ಬಟ್ಟೆಯ ನಡುವೆ ಕೈ ಹಾಕಿ, ಒಳಬಟ್ಟೆಯನ್ನೂ ಬಿಡದೆ ಕೊಡವಿ ಹುಡುಕಿದ. ಸಿಕ್ಕಿದ್ದು ಬಿಚ್ಚಿಟ್ಟ ಉಲ್ಲನ್ನಿನ ಉಂಡೆ, ಪಿನ್ನುಗಳು, ಖಾಲಿ ಗುಳಿಗೆ ಹಾಳೆ, ಓದುತ್ತಿದ್ದ ಪುಸ್ತಕದ ನಡುವೆ ಗುರುತಿಗಿಟ್ಟ ಒಂದು ಚಾಕೊಲೇಟಿನ ಹೊಳೆಯುವ ಕಾಗದ. ಅದನ್ನು ಅವಳ ಮುಖದ ಮುಂದೆ ಹಿಡಿದು, “ಇದೇನು?” ಎಂದು ಕೇಳಿದ್ದ. ಅಮ್ಮ ತೀರಿಕೊಂಡ ಮೇಲೆ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹೊಲಿದು ತನ್ನನ್ನು ಓದಿಸಿದವಳಿಗೆ, ಕಳ್ಳಿಯನ್ನು ಕೇಳುವ ಹಾಗೆ ಕೇಳಿದ್ದ. ಯಾರೋ ಅವನ ಕಾಲು ತುಳಿದು ಕ್ಷಮಿಸಿ ಎಂದರು. ಪರವಾಗಿಲ್ಲ ಎಂದ.

ಮೂರು ದಿನ ಅವಳು ಮಾತಾಡಿರಲಿಲ್ಲ. ನಾಲ್ಕನೇ ದಿನ ಊಟಕ್ಕೆ ಬಡಿಸುತ್ತಾ, ಅವನ ಕಡೆ ನೋಡದೆ, “ಹೌದು ಕಣೋ, ತಿಂದೆ. ಬೀದಿ ತುದಿ ಅಂಗಡಿಯಿಂದ ತರಿಸ್ಕೊಂಡು ತಿಂದೆ. ಇನ್ನು ತಿನ್ನಲ್ಲ, ಆಯ್ತಾ?” ಎಂದಳು. ಅವನಿಗೆ ಆಗ ಆದದ್ದು ಸಮಾಧಾನ. ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ, ಆದರೆ ಆಗ ಆದದ್ದು ಸಮಾಧಾನವೇ, ಜೊತೆಗೆ ಒಂದಿಷ್ಟು ದೊಡ್ಡತನ. ಹೋಗಲಿ ಬಿಡು ಎಂದು ಕ್ಷಮಿಸಿದ. ಕದಿಯುವ ಚಪಲ ಹೋಗಲಿ ಎಂದು ನಾಲ್ಕು ಬಿಸ್ಕತ್ತನ್ನು ಎಂಟು ಮಾಡಿದ. “ಇದು ಎಷ್ಟು ತಿಂದ್ರೂ ಏನೂ ಆಗಲ್ಲ, ನಮ್ಮದೇ ಪ್ರಯೋಗದ್ದು, ತಿನ್ನು” ಎಂದು ಚಹಾದ ಲೋಟದ ಪಕ್ಕ ತಾನೇ ಜೋಡಿಸಿಟ್ಟು, ಎದುರಿಗೆ ಕೂತು ನೋಡಿದ. ಡಾಕ್ಟರಿಗೆ ಫೋನು ಮಾಡಿ ಅವಳು ಒಪ್ಪಿಕೊಂಡ ಸುದ್ದಿಯನ್ನೂ ಹೇಳಿದ. ಆದರೂ ಕೊಬ್ಬು ಇಳಿಯದೆ ಹೋದಾಗ ಅವರು ಗುಳಿಗೆಯ ಬಲವನ್ನು ದುಪ್ಪಟ್ಟು ಮಾಡಿದರು, ಆ ಗುಳಿಗೆ ಅವಳ ತೋಳು ತೊಡೆಗಳ ಮಾಂಸವನ್ನು ಹಿಂಡಿ ಹಾಕಿತು. ತಲೆ ಬಾಚಿಕೊಳ್ಳಲು ಕೈ ಮೇಲಕ್ಕೆ ಬರುತ್ತಿರಲಿಲ್ಲ. ಬೆಳಗ್ಗೆ ಬಚ್ಚಲಿನಿಂದ ಅವಳ ನರಳಾಟ ಕೇಳಿದಾಗ ಅವನು ರೇಡಿಯೋದ ಸದ್ದು ಏರಿಸುತ್ತಿದ್ದ, ಕೇಳಲಾರದೆ. ಒಳಗೊಳಗೇ, ಕದ್ದು ತಿಂದದ್ದಕ್ಕೆ ಅನುಭವಿಸು ಎಂಬ ಮಾತೂ ಒಂದೆರಡು ಸಲ ಬಂದಿತ್ತು. ಬಂದಿರಲಿಲ್ಲ ಎಂದು ಹೇಳಿಕೊಳ್ಳಲು ನೋಡಿದ. ಬಂದಿತ್ತು. ಇಳಿಯಬೇಕಾದ ನಿಲ್ದಾಣ ದಾಟಿ ಒಂದು ನಿಲ್ದಾಣ ಮುಂದೆ ಹೋಗಿದ್ದ; ಇಳಿದು ಹಿಂದಕ್ಕೆ ನಡೆದ.

ಮನೆಯ ಬಾಗಿಲು ತೆರೆದೇ ಇತ್ತು. ಅಕ್ಕ ಹೊರಡಲು ಸಿದ್ಧವಾಗಿ, ಆಸ್ಪತ್ರೆಯ ಚೀಟಿಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. ಮುಂದೆ ಖಾಲಿ ಲೋಟ, ತಟ್ಟೆಯಲ್ಲಿ ಬಿಸ್ಕತ್ತಿನ ಪುಡಿ. “ಎಂಟೂ ಮುಗಿಸಿದೀನಪ್ಪ, ಆಮೇಲೆ ಬಿಟ್ಟೆ ಅಂತ ಬೈಬೇಡ,” ಎಂದಳು. ಅವನು ತಟ್ಟೆ ತೆಗೆದುಕೊಂಡು ಹೋಗಿ ತೊಳೆದ. ತೊಳೆದ ಮೇಲೂ ತೊಳೆದ. ಈಗ ಹೇಳು, ಈಗ, ಅವಳ ಮುಖ ಕಾಣದಿರುವಾಗಲೇ ಹೇಳಿಬಿಡು. “ಅಕ್ಕಾ,” ಎಂದ. “ಏನೋ?” ಎಂದಳು. “ಚೀಟಿ ಎಲ್ಲ ತಗೊಂಡ್ಯಾ?” ಎಂದ. “ಬೆಳಗ್ಗೆಯಿಂದ ಇದೇ ಕೆಲಸ ನಂದು, ತಗೊಳ್ದೆ ಇರ್ತೀನಾ? ಯಾಕೋ ಮುಖ ಹಾಗಿದೆ? ಆಫೀಸಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?” ಅವನು ಇಲ್ಲ ಎಂದ. ಪ್ರಯೋಗ ಏನಾಯಿತು ಎಂದು ಕೇಳಿದಳು. “ಪಾಸಾಯ್ತು,” ಎಂದ. ಅವಳ ಮುಖ ಅರಳಿತು. “ನೋಡ್ದ್ಯಾ! ನಾನು ಹೇಳ್ಲಿಲ್ವಾ, ನನ್ ತಮ್ಮನ ಬಾಯಿಗೆ ಬಿದ್ದದ್ದು ಸುಳ್ಳಾಗಲ್ಲ ಅಂತ,” ಎಂದು ಮೇಲೇಳಲು ಅವನ ತೋಳು ಹಿಡಿದಳು.

ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಗೋಡೆಯುದ್ದಕ್ಕೂ ಬೆಂಚು. ಹೆಸರು ಕೂಗುವವನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಹೆಂಗಸಿನೊಂದಿಗೆ ಅಕ್ಕ ಆಗಲೇ ಸ್ನೇಹ ಬೆಳೆಸಿ, ಇವನು ನನ್ನ ತಮ್ಮ, ಬಿಸ್ಕತ್ತು ಕಾರ್ಖಾನೆಯಲ್ಲಿದ್ದಾನೆ, ನನ್ನ ಥರದವರಿಗಾಗಿಯೇ ಹೊಸ ಬಿಸ್ಕತ್ತು ಮಾಡಿಸಿದ್ದಾನೆ ಎಂದು ಹೇಳುತ್ತಿದ್ದಳು. ಆ ಹೆಂಗಸು ಇವನತ್ತ ಮೆಚ್ಚುಗೆಯಿಂದ ನೋಡಿ, ಎಲ್ಲಿ ಸಿಗುತ್ತೆ ಅದು, ನಮ್ಮ ಯಜಮಾನರಿಗೂ ಬೇಕಿತ್ತು ಎಂದರು. ಬರುತ್ತೆ ಅಂಗಡಿಗೆ, ಎಂದ. ಒಳಗಿನಿಂದ ಯಾರೋ ಕೆಮ್ಮುವುದು ಕೇಳುತ್ತಿತ್ತು. ಇವಳನ್ನು ಕತ್ತರಿಸಿದರೆ ಇವಳು ಏಳುವುದಿಲ್ಲ ಎಂಬ ಯೋಚನೆ ಅಷ್ಟು ನೇರವಾಗಿ, ಮೊದಲ ಸಲ, ಅವನ ಮನಸ್ಸಿಗೆ ಬಂತು. ಡಾಕ್ಟರು ಈವತ್ತು ತೀರ್ಮಾನ ಮಾಡುತ್ತಾರೆ. ಊಟದಲ್ಲಿ ನೋಡಿದ್ದಾಯಿತು ಎಂದು ಅವರು ತಿಳಿದಿದ್ದಾರೆ. ಊಟದಲ್ಲಿ ಯಾರೂ ಏನೂ ನೋಡೇ ಇಲ್ಲ. ಇದನ್ನು ಬಲ್ಲವನು ಜಗತ್ತಿನಲ್ಲಿ ಒಬ್ಬನೇ, ಅವನು ಬೆಂಚಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದಾನೆ. ಅಷ್ಟರಲ್ಲಿ ಅವರನ್ನು ಕರೆದರು.

ಡಾಕ್ಟರು ಹೊಸ ವರದಿಯನ್ನು ಎರಡು ಸಲ ತಿರುವಿ ಹಾಕಿ ಕನ್ನಡಕ ತೆಗೆದರು. “ಒಂದಿಷ್ಟೂ ಇಳಿದಿಲ್ವಲ್ಲಮ್ಮ. ಗುಳಿಗೆ ಇಷ್ಟು ಕೊಟ್ಟೂ ಇಳಿದಿಲ್ಲ ಅಂದ್ರೆ ನಾನೇನು ಮಾಡ್ಲಿ?” ಅಕ್ಕ ತಲೆ ತಗ್ಗಿಸಿದಳು. “ನಂದೇ ತಪ್ಪು ಡಾಕ್ಟ್ರೇ. ಬಾಯಿಚಪಲ. ಆಗೊಮ್ಮೆ ಈಗೊಮ್ಮೆ ತಿಂದ್ಬಿಡ್ತೀನಿ,” ಎಂದಳು, ಯಾರೂ ಕೇಳುವ ಮೊದಲೇ. ಅವಳು ಇದನ್ನು ಸಲೀಸಾಗಿ ಹೇಳಿದಳು, ಇಷ್ಟು ತಿಂಗಳು ಹೇಳಿ ಹೇಳಿ ಅದು ಅವಳ ಬಾಯಿಗೆ ಒಗ್ಗಿಹೋಗಿತ್ತು. “ಆಪರೇಷನ್‌ಗೆ ಬರೆದುಕೊಡ್ತೀನಿ. ಅಪಾಯ ಇದೆ, ಮುಚ್ಚಿಡಲ್ಲ. ಆದ್ರೆ ಬೇರೆ ದಾರಿ ನೀವೇ ಮುಚ್ಚಿಕೊಂಡ್ರಿ,” ಎಂದು ಡಾಕ್ಟರು ಪೆನ್ನು ತೆಗೆದರು.

“ಅವಳು ತಿಂದಿಲ್ಲ,” ಎಂದ ಅವನು. ದನಿ ತೀರಾ ಜೋರಾಯಿತು. “ಅವಳು ಏನೂ ಕದ್ದು ತಿಂದಿಲ್ಲ ಸಾರ್. ತಿನ್ನಿಸಿದ್ದು ನಾನು. ನಮ್ಮ ಕಾರ್ಖಾನೆ ಬಿಸ್ಕತ್ತು. ಹೊಸ ಕೊಬ್ಬಿಂದು ಅಂತ ತಂದೆ, ಅದು ಹಳೇ ಕೊಬ್ಬಿಂದು. ಈವತ್ತು ಬೆಳಗ್ಗೆ ಗೊತ್ತಾಯ್ತು. ದಿನಕ್ಕೆ ಎಂಟು ತಿನ್ನಿಸಿದೀನಿ. ಅದನ್ನ ನಿಲ್ಲಿಸಿದ್ರೆ ಇಳೀಬಹುದು, ಅಲ್ವಾ? ಇನ್ನು ಮೂರು ತಿಂಗಳು ಕೊಡಿ ಸಾರ್. ಕಾಲು ಹಿಡೀತೀನಿ.”

ಡಾಕ್ಟರು ಪೆನ್ನು ಕೆಳಗಿಟ್ಟು ಅವನನ್ನು ನೋಡಿದರು. ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು. “ನೀವೇ ಅಲ್ವೇನ್ರೀ ಫೋನ್ ಮಾಡಿ, ಅಕ್ಕ ಒಪ್ಪಿಕೊಂಡ್ಲು ಅಂತ ಹೇಳಿದ್ದು? ಇಪ್ಪತ್ತು ವರ್ಷದಿಂದ ಬಿಸ್ಕತ್ತಿನ ರುಚಿ ನೋಡೋ ಕೆಲಸ ಅಂತ ನೀವೇ ಹೇಳಿದ್ರಿ. ನಿಮಗೆ ಗೊತ್ತಾಗ್ಲಿಲ್ಲ ಅಂತ ನಾನು ನಂಬ್ಬೇಕಾ?” ಎಂದರು. “ಆಪರೇಷನ್ ಅಂದ ಕೂಡ್ಲೇ ಎಲ್ಲಾ ಮನೆಯವರೂ ಒಂದೊಂದು ಕಥೆ ತರ್ತಾರೆ. ಅರ್ಥ ಆಗುತ್ತೆ ನನಗೆ. ಅಕ್ಕನ ಮೇಲೆ ಪ್ರೀತಿ ಇದೆ, ಒಳ್ಳೇದು. ಆದ್ರೆ ಹೀಗೆ ಮುಚ್ಚಿಹಾಕಿದ್ರೆ ನಷ್ಟ ಅವರಿಗೇ.” ಅವನು ಮೇಣ, ಅಂಗುಳ, ಕೆಂಪು ದೀಪ ಎಂದೆಲ್ಲ ಹೇಳತೊಡಗಿದ. ಹೇಳಿದಷ್ಟೂ ಅದು ಕಟ್ಟುಕಥೆಯಂತೆಯೇ ಕೇಳಿತು, ಅವನ ಕಿವಿಗೂ. ಅಕ್ಕ ಅವನ ಅಂಗಿಯ ತೋಳು ಜಗ್ಗಿ, “ಸುಮ್ನಿರೋ ಪುಟ್ಟ,” ಎಂದಳು. ಆಮೇಲೆ ಡಾಕ್ಟರಿಗೆ, “ಅವನು ಚಿಕ್ಕಂದಿನಿಂದ್ಲೂ ಹೀಗೇ, ಮನಸ್ಸಿಗೆ ಹಚ್ಕೋತಾನೆ,” ಎಂದಳು. ಮುಂದಿನ ಮಂಗಳವಾರ ಬಂದು ಸೇರಿಕೊಳ್ಳಬೇಕೆಂದು ಚೀಟಿಯಲ್ಲಿ ಬರೆದಾಯಿತು.

ಹೊರಗೆ ಬಂದು ಕಿಟಕಿಯ ಹತ್ತಿರದ ಬೆಂಚಿನಲ್ಲಿ ಅವಳನ್ನು ಕೂರಿಸಿದ. ಅವಳು ದಣಿದಿದ್ದಳು, ಆದರೆ ಮುಖದಲ್ಲಿ ಏನೋ ಒಂದು ಕಳೆ ಇತ್ತು. ಬೀರು ಹುಡುಕಿದ ಆ ಭಾನುವಾರದಿಂದ ಈಚೆಗೆ ಅವನು ಕಂಡಿರದ ಕಳೆ. “ಎಷ್ಟು ಸುಳ್ಳು ಹೇಳ್ದ್ಯೋ ನನಗೋಸ್ಕರ,” ಎಂದು ಅವನ ಮಂಡಿಯ ಮೇಲೆ ಮೆಲ್ಲಗೆ ತಟ್ಟಿದಳು. “ಅಷ್ಟು ದೊಡ್ಡ ಡಾಕ್ಟ್ರ ಮುಂದೆ, ನಿನ್ನ ಕೆಲಸದ ಮರ್ಯಾದೆ ಬಿಟ್ಟು. ನನಗೆ ಅಷ್ಟು ಸಾಕು ಕಣೋ. ಆವತ್ತಿಂದು ಏನೂ ಮನಸ್ಸಲ್ಲಿ ಇಟ್ಕೊಂಡಿಲ್ಲ ನಾನು.” ಇಷ್ಟಕ್ಕೇ ಬಿಟ್ಟರೆ ಅವಳು ಸುಖವಾಗಿ ಮನೆಗೆ ಬರುತ್ತಾಳೆ. ಮಂಗಳವಾರದವರೆಗೆ ಸುಖವಾಗಿರುತ್ತಾಳೆ. ಆದರೆ ತಾನು ಕದ್ದು ತಿಂದೆ ಎಂಬ ಮಾತನ್ನು ಅವಳು ಬಿಡದ ಹೊರತು ಡಾಕ್ಟರು ಇವನನ್ನು ನಂಬುವುದಿಲ್ಲ. ಆ ನಾಲ್ಕು ದಿನದ ಸುಖವನ್ನು ಕಸಿದುಕೊಳ್ಳದೆ ಅವಳ ಜೀವ ಉಳಿಸುವ ದಾರಿ ಅವನಿಗೆ ಎಷ್ಟು ತಡಕಿದರೂ ಸಿಗಲಿಲ್ಲ. ಹೇಳಿದ ಮೇಲೂ ಉಳಿಯುತ್ತಾಳೆಂಬ ಖಾತ್ರಿ ಇರಲಿಲ್ಲ.

“ಸುಳ್ಳಲ್ಲ ಅಕ್ಕಾ,” ಎಂದ.

“ಯಾವುದು?”

“ಒಳಗೆ ಹೇಳಿದ್ದು. ಒಂದು ಅಕ್ಷರಾನೂ ಸುಳ್ಳಲ್ಲ. ನಾನೇ ತಿನ್ನಿಸಿದೀನಿ. ನೀನು ಕದ್ದು ತಿಂದಿರ್ಲಿಲ್ಲ.”

“ನಾನು ಕದ್ದು ತಿಂದಿರ್ಲಿಲ್ಲ ಅಂತ ನನಗೆ ಗೊತ್ತಿಲ್ವೇನೋ?” ಎಂದು ನಕ್ಕಳು. ನಗು ಅರ್ಧ ದಾರಿಯಲ್ಲಿ ನಿಂತಿತು. ಅವಳ ಕೈ ಇನ್ನೂ ಅವನ ಮಂಡಿಯ ಮೇಲಿತ್ತು. ಅವಳು ಒಂದೊಂದಾಗಿ ಜೋಡಿಸಿಕೊಳ್ಳುತ್ತಿರುವುದು ಅವನಿಗೆ ಕಾಣಿಸಿತು: ನಾಲ್ಕು, ಎಂಟು, ಬೀರು, ದುಪ್ಪಟ್ಟು ಗುಳಿಗೆ. ಆ ಕೈಯನ್ನು ಅವಳು ತೆಗೆದು ತನ್ನ ಚೀಲದ ಮೇಲೆ ಇಟ್ಟುಕೊಂಡಳು. “ಯಾವಾಗಿನಿಂದ?” ಎಂದಳು. “ಮೊದಲ ದಿನದಿಂದ,” ಎಂದ. ಬೈಯಲಿ, ಕೆನ್ನೆಗೆ ಬಾರಿಸಲಿ, ಎಲ್ಲರ ಎದುರು ಹಾಳಾಗಿ ಹೋಗು ಅನ್ನಲಿ ಎಂದು ಕಾದ. ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

“ನನಗೆ ಅದು ಸೇರ್ತಾನೇ ಇರ್ಲಿಲ್ಲ ಕಣೋ,” ಎಂದಳು. “ಒಂದು ದಿನಾನೂ ಸೇರ್ಲಿಲ್ಲ. ನೀನು ಎದುರಿಗೆ ಕೂತು ನೋಡ್ತಿದ್ದೆ, ಅದಕ್ಕೆ ತಿಂದೆ.”

ಅವಳು ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಚೀಲದಿಂದ ತೆಗೆದು ಅವನ ಕೈಗಿಟ್ಟಳು.

“ಹೋಗು,” ಎಂದಳು. “ಒಳಗೆ ಹೋಗಿ ಮತ್ತೆ ಹೇಳು. ನಂಬೋ ಹಾಗೆ ಹೇಳು. ನಾನೂ ಸುಳ್ಳು ಒಪ್ಕೊಂಡಿದ್ದೆ ಅಂತ ಹೇಳು. ನನಗೆ ಸಾಯೋಕೆ ಇಷ್ಟ ಇಲ್ಲ.”

ಅವನು ಎದ್ದು ಬಾಗಿಲ ಹತ್ತಿರ ಹೋದ. ಹೆಸರು ಕೂಗುವವನು ಸ್ಟೂಲಿನಿಂದ ಏಳದೆ ಕೈ ಅಡ್ಡ ಹಿಡಿದು, “ನಿಮ್ಮದು ಆಯ್ತಲ್ಲ? ಮತ್ತೆ ನೋಡ್ಬೇಕು ಅಂದ್ರೆ ಕೊನೇಲಿ ನಿಂತ್ಕೊಳ್ಳಿ,” ಎಂದ. ಒಂದೇ ನಿಮಿಷ, ಜೀವದ ಪ್ರಶ್ನೆ ಎಂದ ಇವನು. “ಇಲ್ಲಿರೋರೆಲ್ಲ ಜೀವದ ಪ್ರಶ್ನೆಯೋರೇ ಸ್ವಾಮಿ,” ಎಂದ ಆತ. ಸಾಲಿನಲ್ಲಿ ಹದಿನಾಲ್ಕು ಜನರಿದ್ದರು. ಅವನು ಹೋಗಿ ಕೊನೆಯವನಾಗಿ ನಿಂತು, ಮೊದಲ ವಾಕ್ಯವನ್ನು ತುಟಿಯಲ್ಲೇ ಹೇಳಿಕೊಳ್ಳತೊಡಗಿದ. ತಪ್ಪಿತು, ಮತ್ತೆ ಮೊದಲಿನಿಂದ ಶುರುಮಾಡಿದ. ನಡುನಡುವೆ ಕಿಟಕಿಯ ಕಡೆ ತಿರುಗಿ ನೋಡಿದ. ಅಕ್ಕ ಒಂದು ಸಲವೂ ಇತ್ತ ನೋಡಲಿಲ್ಲ.